ಪೊಲೀಸು, ಫೈರ್ ಹೆಸರಿನ ಅರ್ಧ ಸೆಂಟು: ಬ್ಯಾಲಟ್ ಓದುವ ಬಗೆ

ಅಕ್ಟೋಬರ್ ತಿಂಗಳ ಒಂದು ರಾತ್ರಿ ಓರಗಿತ್ತಿ ಫೋನ್ ಮಾಡಿದಳು. ಅವಳು ಸಿಟಿಜನ್ ಆಗಿ ಆರು ತಿಂಗಳಾಗಿತ್ತು, ಮೊದಲ ಬ್ಯಾಲಟ್ ಅಂಚೆಯಲ್ಲಿ ಬಂದಿತ್ತು.

"ಅಕ್ಕಾ, ದೊಡ್ಡೋರ ಹೆಸರಿಗೆಲ್ಲ ಗುರುತು ಹಾಕಿ ಮುಗಿಸ್ದೆ. ಕಡೇ ಪುಟದಲ್ಲಿ ಪೊಲೀಸು, ಫೈರು, 911 ಅಂತೆಲ್ಲ ಬರೆದು ಅರ್ಧ ಸೆಂಟು ಸೇಲ್ಸ್ ಟ್ಯಾಕ್ಸ್ ಕೇಳ್ತಿದಾರೆ. ಬೇಡ ಅನ್ನೋಕೆ ಮನಸ್ಸು ಬರಲ್ಲ. ಹೌದು ಅಂತ ಹಾಕಿಬಿಡ್ಲಾ?"

"ಇವತ್ತು ಹಾಕ್ಬೇಡ. ಶನಿವಾರ ಎತ್ಕೊಂಡು ಬಾ" ಅಂದೆ.

ನಾನು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವಳು. ಮೂರು ತಿಂಗಳಿಗೊಮ್ಮೆ ಅವರ ಸೇಲ್ಸ್ ಟ್ಯಾಕ್ಸ್ ರಿಟರ್ನ್ ತುಂಬುವುದೇ ನನ್ನ ಹೊಟ್ಟೆಪಾಡು. ಇಷ್ಟಿದ್ದೂ ನಾನು ಮೊದಲ ಸಲ ಇಂಥದ್ದೊಂದು ಮೆಷರ್‌ಗೆ, ಅಂದರೆ ನೇರವಾಗಿ ಜನರ ಮತಕ್ಕೇ ಬಿಟ್ಟ ಪ್ರಸ್ತಾವಕ್ಕೆ, ವೋಟು ಹಾಕಿದಾಗ ಮೇಲಿನ ಸಾಲು ಮಾತ್ರ ಓದಿ ಹೌದು ಅಂದವಳೇ. ಆಮೇಲೆ ಅದೇ ತೆರಿಗೆಯ ಖರ್ಚು ನೋಡುವ ನಿಗಾ ಸಮಿತಿಗೆ ಅರ್ಜಿ ಹಾಕಿ, ಮೂರು ವರ್ಷ ಅಲ್ಲಿ ಕೂತು, ನಾನು ಯಾವುದಕ್ಕೆ ಹೌದು ಅಂದಿದ್ದೆ ಅನ್ನುವುದನ್ನು ತಡವಾಗಿ ಓದಿಕೊಂಡೆ. ಆ ಶನಿವಾರ ಓರಗಿತ್ತಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿರುವುದು ಕ್ಯಾಲಿಫೋರ್ನಿಯಾದ ನಿಯಮ. ಬೇರೆ ರಾಜ್ಯದಲ್ಲಿರುವವರು ಓದುವ ಕ್ರಮವನ್ನು ಬಳಸಿಕೊಳ್ಳಿ, ಅಂಕಿಗಳನ್ನು ನಿಮ್ಮ ರಾಜ್ಯದ್ದೇ ನೋಡಿಕೊಳ್ಳಿ. ಆರೆಗಾನ್‌ನಲ್ಲಿದ್ದರೆ ಸೇಲ್ಸ್ ಟ್ಯಾಕ್ಸೇ ಇಲ್ಲ, ಪುಣ್ಯವಂತರು.

ಈಗಾಗಲೇ ಎಷ್ಟು ಕೊಡುತ್ತಿದ್ದೀರಿ

ಊರಿನಲ್ಲಿ ಎಂಆರ್‌ಪಿ ಅಂದರೆ ತೆರಿಗೆಯೆಲ್ಲ ಸೇರಿದ ಬೆಲೆ. ಇಲ್ಲಿ ಚೀಟಿಯ ಮೇಲೆ ಒಂದು ಬೆಲೆ, ಕೌಂಟರಿನಲ್ಲಿ ಇನ್ನೊಂದು. ಅದಕ್ಕೇ ಮೊದಲ ಕೆಲಸ: ಮನೆಯಲ್ಲಿ ಬಿದ್ದಿರುವ ಒಂದು ರಸೀತಿ ತೆಗೆದು ಶೇಕಡಾ ಎಷ್ಟು ಅಂತ ನೋಡಿ.

ಕ್ಯಾಲಿಫೋರ್ನಿಯಾದ ಯಾವ ಮೂಲೆಗೆ ಹೋದರೂ ಶೇ. 7.25 ಇದ್ದೇ ಇರುತ್ತದೆ. ಅದರಲ್ಲಿ ಶೇ. 6 ರಾಜ್ಯದ ಲೆಕ್ಕ, ಶೇ. 1 ಊರಿಗೆ ಅಥವಾ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು), ಶೇ. 0.25 ಕೌಂಟಿಯ ಸಾರಿಗೆಗೆ. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ರಾಜ್ಯದ ಆ ಆರರೊಳಗೇ ಡಾಲರಿಗೆ ಅರ್ಧ ಸೆಂಟು, ಅಂದರೆ ಶೇ. 0.5, ಪಬ್ಲಿಕ್ ಸೇಫ್ಟಿಗೆ (ಪೊಲೀಸು, ಫೈರಿನಂಥ ಸುರಕ್ಷತೆಯ ಕೆಲಸಕ್ಕೆ) ಅಂತಲೇ ಮೀಸಲಾಗಿದೆ. 1990ರ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರ ಊರು, ಕೌಂಟಿಗಳ ಆಸ್ತಿ ತೆರಿಗೆಯ ಒಂದು ಭಾಗವನ್ನು ಶಾಲೆಗಳ ಕಡೆ ತಿರುಗಿಸಿತು. ಆ ಹೊಡೆತಕ್ಕೆ ಮುಲಾಮು ಅಂತ 1993ರ ನವೆಂಬರ್ 2ರಂದು ಪ್ರಾಪೊಸಿಷನ್ 172, ಅಂದರೆ ಇಡೀ ರಾಜ್ಯದ ಮತದಾರರ ಮುಂದಿಟ್ಟ ಪ್ರಸ್ತಾವ, ಮತಕ್ಕೆ ಬಂತು. ಅದಕ್ಕೆ ಒಂದು ವಾರ ಮೊದಲಷ್ಟೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚು ಎದ್ದು ಲಗೂನಾ ಬೀಚ್‌ನಲ್ಲಿ ನೂರಾರು ಮನೆಗಳು ಸುಟ್ಟಿದ್ದವು. ಪ್ರಾಪೊಸಿಷನ್ ಗೆದ್ದಿತು. ಆ ಅರ್ಧ ಸೆಂಟನ್ನು ಇವತ್ತಿಗೂ ಕೊಡುತ್ತಿದ್ದೇವೆ.

ಹಾಗಾದರೆ ಇನ್ನೊಂದು ಅರ್ಧ ಏಕೆ? ಹಳೆಯ ಆ ಹಣದ ಬಹುಪಾಲು ಕೌಂಟಿಗೆ ಹೋಗುತ್ತದೆ: ಶೆರಿಫ್ (ಕೌಂಟಿಯ ಪೊಲೀಸ್), ಜೈಲು, ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರಿ ಪ್ರಾಸಿಕ್ಯೂಟರ್) ಕಚೇರಿ. ಊರಿನ ಪೊಲೀಸಿಗೆ, ಫೈರ್ ಸ್ಟೇಷನ್ನಿಗೆ ಸಿಗುವುದು ಚಿಟಿಕೆಯಷ್ಟು. ಸಿಟಿಯವರು "ಅದು ನಮಗೆ ಬರೋದಿಲ್ಲ" ಅಂದರೆ ಸುಳ್ಳಲ್ಲ.

ಶೇ. 7.25ರ ಮೇಲೆ ಊರು, ಕೌಂಟಿಗಳು ಮತದಾರರ ಒಪ್ಪಿಗೆ ಪಡೆದು ಸೇರಿಸುವುದು ಡಿಸ್ಟ್ರಿಕ್ಟ್ ಟ್ಯಾಕ್ಸ್. ಶೇ. 0.125ರ ಮೆಟ್ಟಿಲುಗಳಲ್ಲಿ ಇದು ಏರುತ್ತದೆ. ಇದೆಲ್ಲ ಸೇರಿ ಶೇ. 2 ಮೀರಬಾರದು ಅಂತ ಕಾನೂನು, ಆದರೆ ಕೆಲವು ಕಡೆಗೆ ಶಾಸನಸಭೆಯೇ ವಿನಾಯಿತಿ ಕೊಟ್ಟಿದೆ. ಅದಕ್ಕೇ ಆಲಮೀಡಾ ಕೌಂಟಿಯಲ್ಲಿ ಒಟ್ಟು ದರ ಶೇ. 10 ದಾಟಿರುವುದು. ನಿಮ್ಮ ವಿಳಾಸದ ನಿಜವಾದ ದರವನ್ನು ಸಿಡಿಟಿಎಫ್‌ಎ, ಅಂದರೆ ರಾಜ್ಯದ ತೆರಿಗೆ ಇಲಾಖೆ, ತನ್ನ ವೆಬ್‌ಸೈಟಿನಲ್ಲಿ ತೋರಿಸುತ್ತದೆ. ಜಿಪ್ ಕೋಡ್ ಹಾಕಿ ಹುಡುಕಬೇಡಿ, ಪೂರ್ತಿ ವಿಳಾಸ ಹಾಕಿ. ಒಂದೇ ಜಿಪ್ ಎರಡು ಊರಿಗೆ ಹರಡಿರುತ್ತದೆ. ಅಂಚೆ ವಿಳಾಸದಲ್ಲಿ ಊರಿನ ಹೆಸರಿದ್ದರೂ ಮನೆ ಸಿಟಿಯ ಗಡಿಯಾಚೆ ಇರಬಹುದು. ಹಾಗಿದ್ದರೆ ಸಿಟಿಯ ಮೆಷರ್ ನಿಮ್ಮ ಬ್ಯಾಲಟ್ಟಿನಲ್ಲಿ ಬರುವುದೇ ಇಲ್ಲ, ಆದರೆ ಊರೊಳಗಿನ ಅಂಗಡಿಗೆ ಹೋದಾಗ ತೆರಿಗೆ ಮಾತ್ರ ಕೊಡುತ್ತೀರಿ.

75 ಪದಗಳಲ್ಲಿ ಬಾಲ ಎಲ್ಲಿದೆ

ಬ್ಯಾಲಟ್ ಮೇಲಿನ ಪ್ರಶ್ನೆ 75 ಪದ ಮೀರುವಂತಿಲ್ಲ. ಅಷ್ಟರೊಳಗೆ ದರ ಎಷ್ಟು, ವರ್ಷಕ್ಕೆ ಎಷ್ಟು ಹಣ ಬರುವ ಅಂದಾಜು, ಎಷ್ಟು ಕಾಲ, ಈ ಮೂರನ್ನೂ ಹೇಳಲೇಬೇಕು. ಉಳಿದ ಪದಗಳನ್ನು ಜಾಣರು ಕೂತು ಅಳೆದು ತೂಗಿ ಜೋಡಿಸಿರುತ್ತಾರೆ. ಮೊದಲರ್ಧದಲ್ಲಿ 911 ಕರೆಗೆ ಬೇಗ ಬರುವುದು, ಫೈರ್ ಸ್ಟೇಷನ್ ಮುಚ್ಚದಿರುವುದು, ಗ್ಯಾಂಗ್ ತಡೆಯುವುದು. ನಾನು ಓರಗಿತ್ತಿಗೆ ಪೆನ್ಸಿಲ್ ಕೊಟ್ಟು ಹೇಳಿದೆ, "ಅದನ್ನೆಲ್ಲ ಬಿಡು. ಕೊನೆಯಿಂದ ಓದು."

ಕೊನೆಯಿಂದ ಓದಿದರೆ ಸಿಗುವುದು "ಮತ್ತು ಸಿಟಿಯ ಇತರ ಸಾಮಾನ್ಯ ಸೇವೆಗಳಿಗೆ" ಎಂಬ ಅರ್ಥದ ಒಂದು ಬಾಲ. ಅದು ಇದ್ದರೆ ಇದು ಜನರಲ್ ಟ್ಯಾಕ್ಸ್. ಹಣ ನೇರವಾಗಿ ಸಿಟಿಯ ಜನರಲ್ ಫಂಡಿಗೆ, ಅಂದರೆ ಎಲ್ಲ ಖರ್ಚಿಗೂ ಬಳಸುವ ಸಾಮಾನ್ಯ ಖಾತೆಗೆ, ಬೀಳುತ್ತದೆ. ಕೌನ್ಸಿಲ್, ಅಂದರೆ ನಗರಸಭೆ, ಅದನ್ನು ಪೊಲೀಸರಿಗೂ ಕೊಡಬಹುದು, ಪಾರ್ಕಿನ ಹುಲ್ಲಿಗೂ ಸುರಿಯಬಹುದು. ಎರಡೂ ಕಾನೂನುಬದ್ಧ. ಬಾಲ ಇಲ್ಲದೆ ಪೊಲೀಸ್ ಮತ್ತು ಫೈರ್‌ಗೆ ಮಾತ್ರ ಅಂತ ಕಟ್ಟಿಹಾಕಿದ್ದರೆ ಅದು ಸ್ಪೆಷಲ್ ಟ್ಯಾಕ್ಸ್.

ಇವೆರಡರ ನಡುವಿನ ಗೋಡೆ ಎಂದರೆ ಮತಗಳ ಲೆಕ್ಕ. 1996ರ ಪ್ರಾಪೊಸಿಷನ್ 218ರ ಪ್ರಕಾರ ಜನರಲ್ ಟ್ಯಾಕ್ಸ್ ಗೆಲ್ಲಲು ಅರ್ಧಕ್ಕಿಂತ ಒಂದು ವೋಟು ಹೆಚ್ಚು ಬಂದರೆ ಸಾಕು, ಕೌನ್ಸಿಲ್ ತಂದ ಸ್ಪೆಷಲ್ ಟ್ಯಾಕ್ಸ್‌ಗೆ ಮೂರರಲ್ಲಿ ಎರಡು ಪಾಲು ಬೇಕು. ನೂರಕ್ಕೆ ಅರವತ್ತು ಜನ ಹೌದು ಅಂದರೂ ಸ್ಪೆಷಲ್ ಟ್ಯಾಕ್ಸ್ ಸೋಲುತ್ತದೆ. ಕೌನ್ಸಿಲ್‌ಗಳು ಬಾಲ ಸೇರಿಸುವುದು ಇದಕ್ಕೇ. ನಾನು ಅದನ್ನು ಮೋಸ ಅನ್ನುವುದಿಲ್ಲ. ಆದರೆ "ಪೊಲೀಸರಿಗಾಗಿ" ಅನ್ನುವ ಮಾತನ್ನು ಆಗ ಕರಾರು ಅಂತ ಓದಬೇಡಿ, ಆಸೆ ಅಂತ ಓದಿ. ಕೌನ್ಸಿಲ್ ಬದಲು ಜನರೇ ಸಹಿ ಸಂಗ್ರಹಿಸಿ ತಂದ ಮೆಷರ್ ಆದರೆ ಕಥೆ ಬೇರೆ: ರಾಜ್ಯದ ಸುಪ್ರೀಂ ಕೋರ್ಟು 2017ರಲ್ಲಿ ಕೊಟ್ಟ ಅಪ್ಲೆಂಡ್ ತೀರ್ಪಿನ ನಂತರ ಅಂಥ ಸ್ಪೆಷಲ್ ಟ್ಯಾಕ್ಸ್‌ಗೂ ಸರಳ ಬಹುಮತ ಸಾಕೆಂದು ಮೇಲ್ಮನವಿ ನ್ಯಾಯಾಲಯಗಳು ಹೇಳಿದವು. ಹಾಗಾಗಿ ಮೆಷರ್ ತಂದವರು ಯಾರು ಅನ್ನುವುದನ್ನೂ ನೋಡಬೇಕು.

ಒಂದರ ಪಕ್ಕ ಇನ್ನೊಂದು ಮೆಷರ್ ಇದ್ದರೆ ಎರಡನ್ನೂ ಜೊತೆಯಲ್ಲೇ ಓದಿ. ನಮ್ಮ ಕಣಿವೆಯ ಸ್ಟಾಕ್ಟನ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. 2013ರ ನವೆಂಬರಿನಲ್ಲಿ ಅಲ್ಲಿಯ ಜನರ ಮುಂದೆ ಬಂದದ್ದು ಮೆಷರ್ ಎ, ಮುಕ್ಕಾಲು ಸೆಂಟಿನ ಜನರಲ್ ಟ್ಯಾಕ್ಸ್. ಜೊತೆಗೆ ಮೆಷರ್ ಬಿ: ಬಂದ ಹಣದಲ್ಲಿ ಶೇ. 65 ಪೊಲೀಸು ಮತ್ತು ಅಪರಾಧ ತಡೆಗೆ, ಶೇ. 35 ದಿವಾಳಿಯಿಂದ ಹೊರಬರಲು ಮತ್ತು ಉಳಿದ ಸೇವೆಗೆ ಹೋಗಲಿ ಎಂದು. ಬಿ ಬರೀ ಸಲಹೆ, ಕೌನ್ಸಿಲನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿರಲಿಲ್ಲ. ಹೀಗೆ ಎರಡಾಗಿ ಒಡೆದದ್ದರಿಂದ ಎ ಸರಳ ಬಹುಮತದಲ್ಲೇ ಪಾಸಾಯಿತು.

ಕಾಲದ ಬಗ್ಗೆಯೂ ಒಂದು ಮಾತು. ಹತ್ತು ವರ್ಷ ಅಂತ ಇದ್ದರೆ ಹತ್ತು ವರ್ಷ. "ಮತದಾರರೇ ಕೊನೆಗೊಳಿಸುವ ತನಕ" ಅಂತ ಇದ್ದರೆ ಅದರ ಅರ್ಥ ಶಾಶ್ವತ. ಸಹಿ ಸಂಗ್ರಹಿಸಿ ರದ್ದು ಮಾಡಿಸುವ ಹಕ್ಕು ಜನರಿಗೆ ಉಂಟು, ಆದರೆ ಕ್ಲಿಪ್‌ಬೋರ್ಡ್ ಹಿಡಿದು ಬಿಸಿಲಲ್ಲಿ ಯಾರು ನಿಲ್ಲುತ್ತಾರೆ?

ಬಜೆಟ್ ತೆಗೆಯಿರಿ, ಹೆದರಬೇಡಿ

ವೋಟರ್ ಗೈಡಿನಲ್ಲಿ ಸಿಟಿ ಅಟಾರ್ನಿಯ ನಿಷ್ಪಕ್ಷ ವಿಶ್ಲೇಷಣೆ 500 ಪದದೊಳಗೆ ಇರುತ್ತದೆ. ಪರ ಮತ್ತು ವಿರೋಧದ ವಾದಗಳಿಗೆ ಮುನ್ನೂರು ಮುನ್ನೂರು ಪದ. ವಾದಗಳಲ್ಲಿ ಎರಡೂ ಕಡೆಯವರು ಕೂಗಾಡಿರುತ್ತಾರೆ. ನಾನು ಕೆಳಗೆ ಸಹಿ ಹಾಕಿದವರು ಯಾರು ಅಂತ ಮಾತ್ರ ನೋಡಿ ಬಿಡುತ್ತೇನೆ. ವಿಶ್ಲೇಷಣೆಯನ್ನು ಪೂರ್ತಿ ಓದಿ. ಆಮೇಲೆ ಆರ್ಡಿನೆನ್ಸ್, ಅಂದರೆ ಮೆಷರಿನ ಪೂರ್ಣ ಪಠ್ಯ. ಅದರಲ್ಲಿ ನಾನು ಹುಡುಕುವುದು ಒಂದೇ ಒಂದು ಕರಾರು: ಪೊಲೀಸು, ಫೈರಿಗೆ ಇಲ್ಲಿಯವರೆಗೆ ಕೊಡುತ್ತಿದ್ದ ಮೊತ್ತವನ್ನು ಇನ್ನು ಮುಂದೆ ಕಡಿಮೆ ಮಾಡುವಂತಿಲ್ಲ ಅಂತ ಬರೆದಿದೆಯೇ?

ಅಜ್ಜಿ ಮೊಮ್ಮಗನಿಗೆ ತಿಂಗಳಿಗೆ ನೂರು ಡಾಲರ್ ಕೊಡಲು ಶುರು ಮಾಡಿದಳು ಅಂದುಕೊಳ್ಳಿ. ಅದು ಗೊತ್ತಾಗಿ ಅಪ್ಪ ತಾನು ಕೊಡುತ್ತಿದ್ದ ಎಂಬತ್ತನ್ನು ನಿಲ್ಲಿಸಿದ. ಹುಡುಗನಿಗೆ ಹೆಚ್ಚಾದದ್ದು ಇಪ್ಪತ್ತು. ಅಜ್ಜಿಯ ನೂರೂ ಹುಡುಗನಿಗೇ ಹೋಯಿತು, ಲೆಕ್ಕದಲ್ಲಿ ತಪ್ಪೇನೂ ಇಲ್ಲ. ನಿಗಾ ಸಮಿತಿಯಲ್ಲಿ ನಮ್ಮ ಮುಂದೆ ಬರುತ್ತಿದ್ದ ಹಾಳೆಯೂ ಹೀಗೇ ಇತ್ತು. ಹೊಸ ತೆರಿಗೆಯ ಪೈಸೆ ಪೈಸೆಯೂ ಪೊಲೀಸ್, ಫೈರ್ ಖಾತೆಯಲ್ಲೇ ಖರ್ಚಾಗಿದೆ ಅಂತ ಆಡಿಟ್ ಹೇಳುತ್ತಿತ್ತು, ಅದು ನಿಜವೂ ಆಗಿತ್ತು. ಅದೇ ಇಲಾಖೆಗಳಿಗೆ ಜನರಲ್ ಫಂಡಿನಿಂದ ಬರುತ್ತಿದ್ದ ಹಣ ಎಷ್ಟು ಇಳಿದಿದೆ ಅನ್ನುವ ಕಾಲಮ್ಮು ಆ ಹಾಳೆಯಲ್ಲಿ ಇರಲೇ ಇಲ್ಲ. ನಾನು ಎರಡನೇ ವರ್ಷ ಕೇಳಿದೆ. ಮೂರನೇ ವರ್ಷ ಬಂತು.

ಹಾಗಾಗಿ ಮೂರು ವರ್ಷದ ಬಜೆಟ್ ಇಳಿಸಿಕೊಳ್ಳಿ. ಪಿಡಿಎಫ್ ನಾನ್ನೂರು ಪುಟ ಇದ್ದರೂ ಬೇಕಾದದ್ದು ನಾಲ್ಕೇ ಪುಟ: ಜನರಲ್ ಫಂಡಿನ ಸಾರಾಂಶ, ಪೊಲೀಸ್ ಇಲಾಖೆ, ಫೈರ್ ಇಲಾಖೆ, ಹುದ್ದೆಗಳ ಪಟ್ಟಿ. ಬಹಳಷ್ಟು ಊರುಗಳಲ್ಲಿ ಜನರಲ್ ಫಂಡಿನ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಈ ಎರಡು ಇಲಾಖೆಗಳಿಗೇ ಹೋಗುತ್ತಿರುತ್ತದೆ. ಅದನ್ನು ನೋಡಿದಾಗ ಬೇರೆ ಕಡೆ ಕತ್ತರಿಸಿ ಸರಿದೂಗಿಸಿ ಅನ್ನುವವರ ಮಾತು ಎಷ್ಟು ದೂರ ಹೋಗಬಲ್ಲದು ಅಂತಲೂ ಗೊತ್ತಾಗುತ್ತದೆ.

ಹುದ್ದೆಗಳ ಪಟ್ಟಿಯಲ್ಲಿ ಒಂದು ಬಲೆ ಇದೆ. ಅಲ್ಲಿರುವುದು ಮಂಜೂರಾದ ಹುದ್ದೆ. ಬೀದಿಯಲ್ಲಿ ಓಡಾಡುವುದು ಭರ್ತಿಯಾದ ಹುದ್ದೆ. ನೂರೈವತ್ತು ಮಂಜೂರಾಗಿ ನೂರಮೂವತ್ತು ಭರ್ತಿಯಾಗಿದ್ದರೆ, ಉಳಿದ ಇಪ್ಪತ್ತರ ಸಂಬಳ ಓವರ್‌ಟೈಮಿಗೆ ಸೋರಿಹೋಗುತ್ತಿರಬಹುದು. ಅಂಥ ಊರಿನಲ್ಲಿ ಹಣ ಕೊಟ್ಟ ಮಾತ್ರಕ್ಕೆ ಪೊಲೀಸರು ಹೆಚ್ಚುವುದಿಲ್ಲ, ಸೇರುವವರು ಸಿಗಬೇಕು. ಖಾಲಿ ಹುದ್ದೆ ಎಷ್ಟು ಅಂತ ಸಿಟಿ ಕ್ಲರ್ಕಿಗೆ ಒಂದು ಇಮೇಲ್ ಬರೆಯಿರಿ. ಪಬ್ಲಿಕ್ ರೆಕಾರ್ಡ್ಸ್ ಕಾಯಿದೆಯಡಿ ದಾಖಲೆ ಕೇಳಿದರೆ, ಕೊಡಬಹುದೇ ಇಲ್ಲವೇ ಅಂತ ಹತ್ತು ದಿನದೊಳಗೆ ಉತ್ತರ ಕೊಡಬೇಕು.

ಇನ್ನು ಭಾಗಾಕಾರ. ಪೊಲೀಸ್ ಇಲಾಖೆಯ ಸಂಬಳ, ವಿಮೆ, ಪಿಂಚಣಿ ಎಲ್ಲ ಸೇರಿ 3 ಕೋಟಿ ಡಾಲರ್, ಹುದ್ದೆ 150 ಇದೆ ಅಂದುಕೊಳ್ಳಿ. ತಲೆಗೆ 2 ಲಕ್ಷ ಡಾಲರ್. ಮೆಷರಿನಿಂದ ವರ್ಷಕ್ಕೆ 60 ಲಕ್ಷ ಬರುತ್ತದೆ ಅಂದರೆ ಹೆಚ್ಚೆಂದರೆ 30 ಜನ, ಅದೂ ಕಾರು, ರೇಡಿಯೊ ಏನೂ ಕೊಳ್ಳದಿದ್ದರೆ. ಕರಪತ್ರದಲ್ಲಿ ಐವತ್ತು ಪೊಲೀಸರು ಅಂತ ಇದ್ದರೆ ಕೇಳಬೇಕಾದ ಪ್ರಶ್ನೆ ನಿಮ್ಮ ಕೈಯಲ್ಲಿದೆ.

ನಿಗಾ ಸಮಿತಿ ಇರುತ್ತದೆ ಅಂತ ಬರೆದಿದ್ದರೆ ಒಳ್ಳೆಯದೇ, ಆದರೆ ಅದರ ಬಲ ಗೊತ್ತಿರಲಿ. ನಾವು ಖರ್ಚಾದ ಮೇಲೆ ಓದುತ್ತಿದ್ದೆವು, ವರದಿ ಬರೆಯುತ್ತಿದ್ದೆವು. ಒಂದು ಚೆಕ್ಕನ್ನೂ ನಿಲ್ಲಿಸುವ ಅಧಿಕಾರ ನಮಗಿರಲಿಲ್ಲ. ಕಾಫಿ ಮಾತ್ರ ಚೆನ್ನಾಗಿರುತ್ತಿತ್ತು.

ನಿಮ್ಮ ಮನೆಗೆ ಎಷ್ಟು ಬೀಳುತ್ತದೆ

ಅರ್ಧ ಸೆಂಟು ಅಂದರೆ ನೂರು ಡಾಲರಿಗೆ ಐವತ್ತು ಸೆಂಟು. ಆದರೆ ಯಾವ ನೂರಕ್ಕೆ? ಬಾಡಿಗೆಗೆ ಇಲ್ಲ. ಅಕ್ಕಿ, ಬೇಳೆ, ತರಕಾರಿ, ಹಾಲಿಗೆ ಇಲ್ಲ. ಡಾಕ್ಟರು ಬರೆದುಕೊಟ್ಟ ಔಷಧಿಗೆ, ಕ್ಷೌರಕ್ಕೆ, ಮಕ್ಕಳ ಡೇಕೇರಿಗೆ ಇಲ್ಲ. ಹೋಟೆಲ್ ಊಟ, ಬಟ್ಟೆ, ಫೋನು, ಪೀಠೋಪಕರಣ, ಸೋಡಾ, ಕಾರಿಗೆ ಇದೆ. ಪೆಟ್ರೋಲಿಗೆ ರಾಜ್ಯದ ದರ ಕಡಿಮೆ ಇದ್ದರೂ ಡಿಸ್ಟ್ರಿಕ್ಟ್ ಟ್ಯಾಕ್ಸ್ ಬೀಳುತ್ತದೆ. ಬಿಸಿ ಸಮೋಸಕ್ಕೆ ತೆರಿಗೆ ಇದೆ. ತಣ್ಣಗಿನ ಸಿಹಿತಿಂಡಿ ಕಟ್ಟಿಸಿಕೊಂಡು ಹೋದರೆ ಸಾಮಾನ್ಯವಾಗಿ ಇಲ್ಲ. ಇದನ್ನು ನನ್ನ ಗಿರಾಕಿಯೊಬ್ಬರಿಗೆ ಮೂರು ಸಲ ವಿವರಿಸಿದ್ದೇನೆ, ಇನ್ನೂ ನಂಬಿಲ್ಲ.

ನಾವಿಬ್ಬರೂ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಹರಡಿಕೊಂಡು ಗುರುತು ಹಾಕಿದೆವು. ಓರಗಿತ್ತಿಯ ಮನೆಯಲ್ಲಿ ವರ್ಷಕ್ಕೆ ತೆರಿಗೆ ಬೀಳುವ ಖರೀದಿ ಸುಮಾರು 12,400 ಡಾಲರ್. ಅದರ ಅರ್ಧ ಶೇಕಡಾ 62 ಡಾಲರ್. ಆ ವರ್ಷ 32,000ದ ಕಾರು ಕೊಂಡರೆ ಇನ್ನೊಂದು 160. ಕಾರನ್ನು ಪಕ್ಕದ ಊರಿನ ಡೀಲರ್ ಹತ್ತಿರ ಕೊಂಡರೆ ಉಳಿಯುತ್ತದೆ ಅಂತ ಭಾವಮೈದುನ ಹೇಳಿ ಕಳಿಸಿದ್ದ. ಉಳಿಯುವುದಿಲ್ಲ, ಕಾರಿಗೆ ಅದು ನೋಂದಣಿಯಾಗುವ ವಿಳಾಸದ ದರ. ಆನ್‌ಲೈನ್ ಖರೀದಿಗೂ ಡಬ್ಬ ಬಂದು ಬೀಳುವ ಮನೆಯ ದರ.

ಅವಳಿಗೆ 62 ಡಾಲರ್ ದೊಡ್ಡದಲ್ಲ. ಹಣ್ಣಿನ ತೋಟದಲ್ಲಿ ದುಡಿಯುವ ಕುಟುಂಬಕ್ಕೆ ಹಳೇ ಕಾರು, ಮಕ್ಕಳ ಷೂ, ವಾಷಿಂಗ್ ಮಷೀನು ಅಂತ ಆದಾಯದ ಲೆಕ್ಕದಲ್ಲಿ ಇದು ಹೆಚ್ಚು ಭಾರ. ನಾನು ಇಂಥ ಮೆಷರ್‌ಗಳಿಗೆ ಎರಡು ಸಲ ಹೌದು, ಒಂದು ಸಲ ಇಲ್ಲ ಅಂದಿದ್ದೇನೆ. ಇಲ್ಲ ಅಂದದ್ದಕ್ಕೆ ಈ ಭಾರ ಒಂದು ಕಾರಣ, ಕಡಿಮೆ ಮಾಡುವಂತಿಲ್ಲ ಅನ್ನುವ ಕರಾರು ಇಲ್ಲದ್ದು ಇನ್ನೊಂದು.

ವೋಟಿಲ್ಲದವರು, ಅಂಗಡಿಯವರು

ಎಚ್1ಬಿ, ಗ್ರೀನ್ ಕಾರ್ಡಿನಲ್ಲಿರುವ ನಮ್ಮವರು "ನಮಗೇನು, ವೋಟೇ ಇಲ್ಲ" ಅಂತ ಸುಮ್ಮನಿರುತ್ತಾರೆ. ತೆರಿಗೆ ಮಾತ್ರ ಪೂರ್ತಿ ಕೊಡುತ್ತಾರೆ. ಸಭೆಗಳು ಜನರಿಗೆ ತೆರೆದಿರಬೇಕು ಅನ್ನುವ ಬ್ರೌನ್ ಕಾಯಿದೆಯ ಪ್ರಕಾರ ಕೌನ್ಸಿಲ್ ತನ್ನ ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು, ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು. ಪೌರತ್ವ ಯಾರೂ ಕೇಳುವುದಿಲ್ಲ. ಮೆಷರಿನ ಪದಗಳು ಗಟ್ಟಿಯಾಗುವುದು ಬ್ಯಾಲಟ್ಟಿಗೆ ಹೋಗುವ ಮೊದಲಿನ ಆ ಸಭೆಗಳಲ್ಲೇ, ಸಾಮಾನ್ಯವಾಗಿ ಬೇಸಿಗೆಯಲ್ಲಿ. ಕರಾರು ಸೇರಿಸಿ ಅಂತ ಹೇಳಬೇಕಾದರೆ ಆಗಲೇ ಹೋಗಿ. ಅಕ್ಟೋಬರಿನಲ್ಲಿ ಹೋದರೆ ಕಾಗದ ಅಚ್ಚಾಗಿರುತ್ತದೆ.

ಅಂಗಡಿ ಇರುವವರಿಗೆ: ನವೆಂಬರಿನಲ್ಲಿ ಮೆಷರ್ ಗೆದ್ದರೆ ಹೊಸ ದರ ಸಾಮಾನ್ಯವಾಗಿ ಏಪ್ರಿಲ್ 1ಕ್ಕೆ ಜಾರಿ. ಆರ್ಡಿನೆನ್ಸ್ ಅಂಗೀಕಾರವಾಗಿ 110 ದಿನ ಕಳೆದ ಮೇಲಿನ ಮೊದಲ ತ್ರೈಮಾಸಿಕದಿಂದ ಅಂತ ಲೆಕ್ಕ. ಮಾರ್ಚ್ 31ರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ರಿಜಿಸ್ಟರಿನ ದರ ಬದಲಿಸಿ, ಒಂದು ಡಾಲರಿನ ಸುಳ್ಳು ಬಿಲ್ ಹೊಡೆದು ನೋಡಿ, ಆಮೇಲೆ ಅದನ್ನು ರದ್ದು ಮಾಡಿ. ನನ್ನ ಗಿರಾಕಿಯೊಬ್ಬರು ಜೂನ್ ತನಕ ಹಳೇ ದರದಲ್ಲೇ ವಸೂಲು ಮಾಡಿದರು. ರಾಜ್ಯ ಕೇಳುವುದು ಕೊಡಬೇಕಾದ ತೆರಿಗೆಯನ್ನು, ನೀವು ವಸೂಲು ಮಾಡಿದ್ದೆಷ್ಟು ಅಂತಲ್ಲ. ವ್ಯತ್ಯಾಸ ಅವರ ಜೇಬಿನಿಂದಲೇ ಹೋಯಿತು. ಹೊರ ಊರಿಗೆ ಡೆಲಿವರಿ ಕೊಟ್ಟದ್ದನ್ನು ರಿಟರ್ನಿನ ಶೆಡ್ಯೂಲ್ ಎದಲ್ಲಿ ಬೇರೆಯಾಗಿ ತೋರಿಸುವುದನ್ನೂ ಮರೆಯಬೇಡಿ.

ಓರಗಿತ್ತಿ ಆ ಶನಿವಾರ ಮಧ್ಯಾಹ್ನ ಗುರುತು ಹಾಕಿದಳು. ಯಾವುದಕ್ಕೆ ಅಂತ ನಾನು ನೋಡಲಿಲ್ಲ. ಲಕೋಟೆ ಅಂಟಿಸಿ, ಹಿಂದೆ ತಿರುಗಿಸಿ, ಬ್ಯಾಂಕಿನ ಪಾಸ್‌ಬುಕ್ಕಿನ ಕಾಲದಿಂದ ಬಂದ ಅಭ್ಯಾಸದಂತೆ ಚೆಂದವಾಗಿ ಕನ್ನಡದಲ್ಲಿ ಸಹಿ ಹಾಕಿದಳು. ಡ್ರೈವಿಂಗ್ ಲೈಸೆನ್ಸಿನಲ್ಲಿ, ವೋಟರ್ ನೋಂದಣಿಯಲ್ಲಿ ಇಂಗ್ಲಿಷ್ ಸಹಿ ಇತ್ತು. ಕೌಂಟಿಯವರು ಎರಡನ್ನೂ ಹೋಲಿಸಿ ನೋಡುತ್ತಾರೆ. ಹತ್ತು ದಿನದಲ್ಲಿ ಸಹಿ ಹೊಂದುತ್ತಿಲ್ಲ ಅಂತ ಕಾಗದ ಬಂತು, ಜೊತೆಗೆ ಒಂದು ಫಾರಂ. ಅದನ್ನು ತುಂಬಿ, ಇಂಗ್ಲಿಷಿನಲ್ಲಿ ಸಹಿ ಹಾಕಿ, ಗಡುವಿನೊಳಗೆ ಕೊಟ್ಟುಬಂದ ಮೇಲೆ ಅವಳ ವೋಟು ಲೆಕ್ಕಕ್ಕೆ ಸೇರಿತು.